ಇದ್ದಿಲಿಗೆ ಹಸಿವಿಲ್ಲ

"ಒಂದೇ ಒಂದು ಮಿಡತೆ ಈ ಹೊಸಿಲು ದಾಟಲ್ಲ. ಏನು ಮಾಡ್ಕೋತೀಯೋ ಮಾಡ್ಕೋ ಹೋಗು."

ಇಷ್ಟು ಹೇಳಿ ಮಿಡತಮ್ಮ ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಎದುರಿಗೆ ಖಾಲಿ ಡಬ್ಬ ಹಿಡಿದು ನಿಂತಿದ್ದವನು ಬೇರೆ ಯಾರೂ ಅಲ್ಲ, ಅವಳ ಸ್ವಂತ ತಮ್ಮ. ಹುಟ್ಟಿದ ದಿನವೇ ಬೀದಿಗೆಲ್ಲ ಕೇಳುವ ಹಾಗೆ ಅತ್ತಿದ್ದನಂತೆ, ಅಂದಿನಿಂದ ಮನೆಯಲ್ಲಿ ಅವನಿಗೆ ಮೈಕು ಅಂತಲೇ ಹೆಸರು. ಈಗ ಅವನ ಕೈಯಲ್ಲಿ ನಿಜವಾದ ಮೈಕೇ ಇದೆ. ಬಸ್ ನಿಲ್ದಾಣದ ಹಿಂದೆ ಪಾಳು ಬಿದ್ದಿದ್ದ ಹಿಟ್ಟಿನ ಗೋದಾಮನ್ನು ಹಿಡಿದು, ಒಳಗೆ ಗಾಜಿನ ಪೆಟ್ಟಿಗೆಗಳನ್ನು ಜೋಡಿಸಿ, ಹೊರಗೆ 'ವಿಷಜಂತುಗಳ ಲೋಕ' ಎಂದು ಬೋರ್ಡು ಬರೆಸಿದ್ದಾನೆ. ಟಿಕೆಟ್ ಹರಿದು ಜನರನ್ನು ಒಳಗೆ ಬಿಡುತ್ತಾನೆ, ಮೈಕು ಹಿಡಿದು ಅವರನ್ನು ಹೆದರಿಸುತ್ತಾನೆ. ಮೊದಲು ಜೇಡಗಳು, ಆಮೇಲೆ ಜರಿಹುಳಗಳು, ಕಟ್ಟಕಡೆಯ ಸಾಲಿನಲ್ಲಿ ಚೇಳುಗಳು. ಚೇಳುಗಳನ್ನು ನೋಡಿಕೊಳ್ಳುವವಳು ಮಿಡತಮ್ಮನ ಸೊಸೆ. ಆ ಚೇಳುಗಳಿಗೆ ಬೇಕಾದ ಮಿಡತೆಗಳನ್ನು ಮನೆಯ ಹಿಂದಿನ ಕೋಣೆಯಲ್ಲಿ ಸಾಕಿ ಕೊಡುವವಳು ಮಿಡತಮ್ಮ. ಹೆಸರು ಬಂದದ್ದೂ ಅದರಿಂದಲೇ.

"ಅಕ್ಕಾ, ನಾಳೆ ಭಾನುವಾರ," ಎಂದ ಮೈಕು. "ಊರಿಗೆಲ್ಲ ಚೀಟಿ ಹಂಚಿದೀನಿ. 'ಚೇಳಿನ ಬೇಟೆ, ನಿಮ್ಮ ಕಣ್ಣೆದುರೇ' ಅಂತ. ಮಿಡತೆ ಇಲ್ಲದೆ ಏನು ಅದಕ್ಕೆ ನನ್ನ ತಲೆ ತಿನ್ನಿಸ್ಲಾ?"

"ತಿನ್ನಿಸು. ಪಾಪ, ಅದರಲ್ಲಿ ಅದಕ್ಕೆ ಏನೂ ಸಿಗಲ್ಲ."

ಅಡುಗೆಮನೆಯಲ್ಲಿ ಸೊಸೆ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದಳು. ಮೈಕುವಿನ ಮುಖ ಊದಿತು.

ಮಿಡತಮ್ಮ ಹೀಗೆ ಇಲ್ಲ ಅಂದವಳೇ ಅಲ್ಲ, ಅದೇ ಇಲ್ಲಿ ವಿಶೇಷ. ವಯಸ್ಸಿನ ಮುಕ್ಕಾಲು ಪಾಲನ್ನು ಅವಳು ಒಂದು ಶಾಲೆಯ ಹಾಸ್ಟೆಲಿನ ಅಡುಗೆಮನೆಯಲ್ಲಿ ಕಳೆದವಳು. ಅವಳ ಕೈಕೆಳಗೆ ಒಂದೇ ಒಂದು ಮಗು ಅರ್ಧ ಹೊಟ್ಟೆಯಲ್ಲಿ ಎದ್ದು ಹೋದದ್ದಿಲ್ಲ. ಸಾಕು ಅಂದವರಿಗೆ ಇನ್ನೊಂದು ಸೌಟು, ಬೇಡ ಅಂದವರಿಗೆ ಎರಡು ಸೌಟು. ತಟ್ಟೆಯಲ್ಲಿ ಬಿಟ್ಟು ಎದ್ದ ಹುಡುಗಿಯನ್ನು ತೋಟದವರೆಗೂ ಅಟ್ಟಿಸಿಕೊಂಡು ಹೋಗಿ ತುತ್ತಿಟ್ಟು ಬಂದ ಹೆಂಗಸು. ತಾಯಿ ಬೇಗ ತೀರಿಕೊಂಡಿದ್ದರಿಂದ ಈ ಮೈಕುವನ್ನು ಬೆಳೆಸಿದವಳೂ ಅವಳೇ. ಅವನ ಹೊಟ್ಟೆ ಈಗ ಬೆಲ್ಟು ಮೀರಿ ಮುಂದೆ ಬಂದಿದ್ದರೆ ಅದರ ಹೊಣೆ ನೇರವಾಗಿ ಅಕ್ಕನದು. ಉಣಿಸುವುದೇ ಅವಳಿಗೆ ಗೊತ್ತಿದ್ದ ಪ್ರೀತಿ, ಉಣಿಸುವುದೇ ಗೊತ್ತಿದ್ದ ಜಗಳ.

ಹಾಸ್ಟೆಲಿನಿಂದ ನಿವೃತ್ತಿಯಾಗಿ ಮನೆಗೆ ಬಂದ ಮೇಲೆ ಕೈ ಕಟ್ಟಿಹಾಕಿದ ಹಾಗಾಯಿತು. ಲಾರಿ ಓಡಿಸುವ ಮಗ ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಸೊಸೆ ಹಕ್ಕಿಯ ಹಾಗೆ ಎರಡು ಕಾಳು ತಿಂದು ಎದ್ದುಬಿಡುವವಳು. ಇನ್ನು ಯಾರಿಗೆ ಹಾಕುವುದು? ಅಂಥ ಹೊತ್ತಿನಲ್ಲೇ ಸೊಸೆ ಒಂದು ಸಂಜೆ ಮಿಡತೆಗಳ ಪೆಟ್ಟಿಗೆ ತಂದಳು. ಮಿಡತಮ್ಮ ಮೊದಲ ದಿನ ಥೂ ಅಂದಳು. ಎರಡನೆಯ ದಿನ ಮೂಗು ಮುಚ್ಚಿಕೊಂಡು ಇಣುಕಿ ನೋಡಿದಳು. ಅವು ಒಣಗಿದ ಎಲೆಕೋಸಿನ ಚೂರೊಂದಕ್ಕೆ ಮುಗಿಬಿದ್ದಿದ್ದವು.

"ಇದೇನೇ, ಇವಕ್ಕೆ ಇಂಥದ್ದಾ ಹಾಕೋದು?"

"ಒಳ್ಳೇದು ಹಾಕಿದಷ್ಟೂ ಒಳ್ಳೇದು ಅತ್ತೆ. ಚೇಳು ತಿನ್ನೋದು ಬರೀ ಮಿಡತೆನಲ್ಲ, ಅದರ ಹೊಟ್ಟೆಯಲ್ಲಿರೋದನ್ನೂ."

ಆ ಮಾತು ಮುದುಕಿಯ ತಲೆಗೆ ಹತ್ತಿತು. ಹಾಗಾದರೆ ಚೇಳುಗಳೂ ತನ್ನ ಕೈಯ ಊಟ ಉಣ್ಣುವವೇ ಆದವು! ಮಾರನೆಯ ಬೆಳಿಗ್ಗೆಯಿಂದ ಹಿಂದಿನ ಕೋಣೆ ಮತ್ತೆ ಹಾಸ್ಟೆಲಾಯಿತು. ದೊಡ್ಡ ಪ್ಲಾಸ್ಟಿಕ್ ತೊಟ್ಟಿಗಳು ಬಂದವು, ಮಿಡತೆಗಳು ಅಡಗಿ ಕೂರಲು ಅಂಗಡಿಯವರು ಕೋಳಿಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳು ಬಂದವು. ಬೂಸಾ, ತುರಿದ ಕ್ಯಾರೆಟ್, ಸೊಪ್ಪು. ಬಟ್ಟಲಲ್ಲಿ ನೀರಿಟ್ಟರೆ ಬಿದ್ದು ಸಾಯುತ್ತವೆಂದು ಒದ್ದೆ ಹತ್ತಿಯ ಉಂಡೆ. ಬೀದಿ ಬದಿಯ ಹುಲ್ಲಿನಲ್ಲಿ ಸಿಕ್ಕ ಮಿಡತೆಗೆ ಒಳಗೆ ಪ್ರವೇಶವಿಲ್ಲ, ಅದರ ಮೈಮೇಲೆ ಯಾವ ಔಷಧ ಹೊಡೆದಿದ್ದಾರೋ ಯಾರಿಗೆ ಗೊತ್ತು. ಸಂಜೆಯಾದರೆ ಕೋಣೆಯೆಲ್ಲ ಜಿರ್ ಎಂದು ತುಂಬಿಕೊಳ್ಳುತ್ತಿತ್ತು. ಪಕ್ಕದ ಮನೆಯವರು ದೂರು ತಂದರು. ಅವರು ವಾಪಸು ಹೋಗುವಾಗ ಮಿಡತಮ್ಮ ಅವರಿಗೂ ಏನೋ ತಿನ್ನಿಸಿ ಕಳಿಸಿದಳು.

ಅತ್ತೆ ಸೊಸೆ ಜಗಳವಾಡುತ್ತಿದ್ದುದು ಒಂದೇ ವಿಷಯಕ್ಕೆ. ಸೊಸೆಯ ಕೈ ಬಹಳ ಬಿಗಿ. ಒಂದು ಚೇಳಿಗೆ ವಾರಕ್ಕೊಂದು ಮಿಡತೆ, ದೊಡ್ಡದಾದರೆ ಎರಡು, ಅಷ್ಟೇ. ಅದೂ ಸಂಜೆ ಬೆಳಕು ಕಂದಿದ ಮೇಲೆ. ಉದ್ದನೆಯ ಚಿಮಟದಲ್ಲಿ ಹಿಡಿದು ಮರದ ತೊಗಟೆಯ ಮುಂದೆ ಬಿಡುತ್ತಾಳೆ. ಚೇಳು ಹೊರಬಂದು ಮುಂದಿನ ಎರಡೂ ಇಕ್ಕಳಗಳಲ್ಲಿ ಅಮುಕಿ ಹಿಡಿಯುತ್ತದೆ, ಬೇಟೆ ಒದ್ದಾಡಿದರೆ ಮಾತ್ರ ಬಾಲ ಎತ್ತುತ್ತದೆ. ಆಮೇಲೆ ಆತುರವೇ ಇಲ್ಲ. ಅಗಿಯುವುದಕ್ಕೆ ಹಲ್ಲಿಲ್ಲ, ಸಣ್ಣ ದವಡೆಯಲ್ಲಿ ಹರಿದು, ಎಂಜಲಲ್ಲಿ ಕರಗಿಸಿ, ರಸ ಹೀರಿ, ಕೊನೆಗೆ ಒಂದು ಪುಟ್ಟ ಒಣ ಉಂಡೆ ಉಗುಳುತ್ತದೆ. ಬೆಳಗಾಗುವಷ್ಟರಲ್ಲಿ ತಿನ್ನದೆ ಬಿಟ್ಟ ಮಿಡತೆ ಇದ್ದರೆ ಸೊಸೆ ಅದನ್ನು ಹುಡುಕಿ ಹೊರತೆಗೆಯುತ್ತಾಳೆ. ಎಷ್ಟು ಹೊತ್ತಾದರೂ ಸರಿ, ಹುಡುಕದೆ ಬಿಡುವುದಿಲ್ಲ.

"ವಾರಕ್ಕೊಂದಾ? ಜೈಲಲ್ಲೂ ದಿನಾ ಊಟ ಹಾಕ್ತಾರೆ ಕಣೇ!"

"ಅವು ದಿನಾ ಕೆಲಸ ಮಾಡಲ್ಲ ಅತ್ತೆ. ಕೂತಲ್ಲೇ ಕೂತಿರ್ತವೆ. ದಿನಾ ಹಾಕಿದ್ರೆ ಹೊಟ್ಟೆ ಬಿಗಿದು ಬಿದ್ದುಕೊಳ್ತವೆ."

"ನಿನ್ನ ಮಾವನೂ ಹಾಗೇ ಬಿದ್ದುಕೊಂಡಿರ್ತಾನೆ. ಸತ್ತಿದಾನಾ?"

ಮಾವ ಅಂದರೆ ಮೈಕು. ಅವನಿಗೆ ಈ ಜಗಳ ಗೊತ್ತಾದದ್ದೇ ಅನಾಹುತಕ್ಕೆ ಕಾರಣವಾಯಿತು. ತಿನ್ನುವ ಚೇಳನ್ನು ನೋಡಲು ಜನ ಟಿಕೆಟ್ ತೆಗೆದುಕೊಳ್ಳುತ್ತಾರೆ, ತೊಗಟೆಯ ಕೆಳಗೆ ಮಲಗಿದ ಚೇಳನ್ನು ನೋಡಿ ಆಕಳಿಸುತ್ತಾರೆ. ಅದಕ್ಕೇ ಅವನು ಒಂದು ಮಧ್ಯಾಹ್ನ ಅಕ್ಕನ ಬಳಿ ಬಂದು, "ನಿನ್ನ ಸೊಸೆ ಚೇಳುಗಳನ್ನ ಉಪವಾಸ ಕೆಡವಿದಾಳೆ, ನೋಡೋಕಾಗ್ತಿಲ್ಲ," ಎಂದು ಹಲುಬಿದ. ಉಪವಾಸ ಅನ್ನುವ ಶಬ್ದ ಕೇಳಿದರೆ ಸಾಕು, ಮಿಡತಮ್ಮನ ಕೈ ಸೌಟು ಹುಡುಕುತ್ತಿತ್ತು. ಸೊಸೆಗೆ ಹೇಳದೆ, ಚೆನ್ನಾಗಿ ಬೆಳೆದ ಮಿಡತೆಗಳನ್ನು ಡಬ್ಬ ತುಂಬಿಸಿ ತಮ್ಮನ ಕೈಗೆ ಕೊಟ್ಟಳು. ಸೊಸೆ ಮನೆಗೆ ಹೊರಟ ಮೇಲೆ ಅವನು ಪೆಟ್ಟಿಗೆ ಪೆಟ್ಟಿಗೆಗೂ ಹಿಡಿ ಹಿಡಿ ಸುರಿದ.

ಮಾರನೆಯ ದಿನ ಸೊಸೆ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಒಳಗೆ ಬಂದು, ಕೈಯಲ್ಲಿದ್ದ ಮಡಚಿದ ಕಾಗದವನ್ನು ಅತ್ತೆಯ ಮುಂದೆ ಬಿಚ್ಚಿದಳು. ಅದರಲ್ಲಿ ಒಂದು ಮರಿ ಚೇಳು. ಕಡ್ಡಿಯ ಹಾಗೆ ಸಣ್ಣಗಿದ್ದುದರಿಂದ ಅದನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಈಗ ಅದರಲ್ಲಿ ಅರ್ಧವೇ ಇತ್ತು.

"ಇದನ್ನ ಯಾರು ತಿಂದದ್ದೇ?"

"ನಿಮ್ಮ ಮಿಡತೆಗಳು."

ಮಿಡತಮ್ಮನಿಗೆ ತಮಾಷೆ ಅನ್ನಿಸಿತು. ಚೇಳು ಮಿಡತೆಯನ್ನು ತಿನ್ನುವುದೋ, ಮಿಡತೆ ಚೇಳನ್ನೋ? ಆಗ ಸೊಸೆ ನಿಂತಲ್ಲೇ ನಿಂತು ಹೇಳಿದಳು. ಚೇಳು ಬೆಳೆಯಬೇಕಾದರೆ ಹಾವಿನ ಹಾಗೆ ಪೊರೆ ಬಿಡಬೇಕು. ಅದಕ್ಕೆ ಮುಂಚೆ ವಾರಗಟ್ಟಲೆ ಏನೂ ಮುಟ್ಟುವುದಿಲ್ಲ, ಹೊಟ್ಟೆ ತುಂಬಿಸಿಕೊಂಡು ಸುಮ್ಮನೆ ಕೂರುತ್ತದೆ. ಪೊರೆ ಬಿಡುವಾಗ ಮೈ ಬೆಣ್ಣೆಯ ಹಾಗೆ ಮೆತ್ತಗೆ, ಇಕ್ಕಳಕ್ಕೆ ಬಲವಿಲ್ಲ, ಬಾಲ ಎತ್ತಲಾಗುವುದಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಮಿಡತೆ ಇದ್ದರೆ, ಮಿಡತೆಗೂ ಹಲ್ಲಿದೆ, ಮಿಡತೆಗೂ ಹಸಿವಿದೆ.

"ಬೇಡ ಅಂದದ್ದನ್ನ ಬಲವಂತ ಮಾಡಿದ್ರೆ ಹೀಗೇ ಆಗೋದು ಅತ್ತೆ," ಎಂದಳು ಸೊಸೆ. ಅವಳು ಕೂಗಲಿಲ್ಲ. ಕೂಗಿದ್ದರೆ ಮಿಡತಮ್ಮ ಮೂರು ಪಟ್ಟು ಕೂಗಿ ಗೆಲ್ಲುತ್ತಿದ್ದಳು. ಸೊಸೆಯ ಕಣ್ಣು ತುಂಬಿತ್ತು, ಅದನ್ನು ಗೆಲ್ಲುವ ದಾರಿ ಮುದುಕಿಗೆ ಗೊತ್ತಿರಲಿಲ್ಲ.

ಅವತ್ತು ಮಿಡತಮ್ಮ ಒಬ್ಬಳೇ ಹಿಂದಿನ ಕೋಣೆಯಲ್ಲಿ ಕೂತಳು. ಕ್ಯಾರೆಟ್ ಹಾಕಿ ಕೊಬ್ಬಿಸಿದ ಮಿಡತೆಗಳು ಜಿರ್ ಜಿರ್ ಎನ್ನುತ್ತಿದ್ದವು. ತಾನು ಹಾಕಿದ ಊಟದಿಂದ ಒಂದು ಜೀವ ಹೋಯಿತು ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಚುಚ್ಚಿತು. ಅಳು ಬಂತು. ಆದರೆ ಮಿಡತಮ್ಮನಿಗೆ ಅಳು ಬಂದರೆ ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ, ಮತ್ತು ಸಿಟ್ಟು ಬಂದ ಮೇಲೆ ಅಳುವಿಗೆ ಜಾಗ ಇರುವುದಿಲ್ಲ.

ಈಗ ಅದೇ ತಮ್ಮ ಅದೇ ಡಬ್ಬ ಹಿಡಿದು ಮತ್ತೆ ಬಂದಿದ್ದಾನೆ. ಈ ಸಲ ಅವನ ಕಣ್ಣು ಇದ್ದಿಲಿನ ಮೇಲೆ. ಇದ್ದಿಲು ಅಂದರೆ ಅಲ್ಲಿರುವ ಚೇಳುಗಳಲ್ಲೆಲ್ಲ ದೊಡ್ಡದು, ಅಂಗೈ ತುಂಬುವಂಥದ್ದು, ಕಡುಗಪ್ಪು. ಸೊಸೆ ಅದನ್ನು ಮರಿಯಿಂದ ಸಾಕಿದ್ದಾಳೆ. ಚೀಟಿಯ ಮೇಲೆ ಅಚ್ಚಾಗಿರುವುದು ಅದರ ಚಿತ್ರವೇ. ಆ ಇದ್ದಿಲು ತಿಂಗಳ ಮೇಲಾಯಿತು, ಒಂದು ಮಿಡತೆಯನ್ನೂ ಮೂಸಿ ನೋಡಿಲ್ಲ. ಹೊಟ್ಟೆ ಊದಿದೆ, ಮೈಯ ಹೊಳಪು ಹೋಗಿದೆ. ಇದೇ ಕೊನೆಯ ಪೊರೆ, ಇದೊಂದು ದಾಟಿದರೆ ಗಂಡಾಂತರವಿಲ್ಲ ಎಂದು ಸೊಸೆ ದಿನಕ್ಕೆ ಹತ್ತು ಸಲ ಹೋಗಿ ಇಣುಕುತ್ತಾಳೆ.

"ಅಕ್ಕಾ, ಕಡೇ ಸಲ ಕೇಳ್ತಿದೀನಿ."

"ಕಡೇ ಸಲ ಹೇಳ್ತಿದೀನಿ. ಇಲ್ಲ."

"ಸರಿ. ನೀನು ಮಿಡತೆ ಕೊಡದಿದ್ರೆ ಲೋಕ ಮುಳುಗಲ್ಲ. ದಿನಸಿ ಅಂಗಡಿಯಲ್ಲಿ ಇಲಿ ಹಿಡಿದಿಟ್ಟಿದಾರೆ. ಇಲಿ ಹಾಕ್ತೀನಿ. ಜನಕ್ಕೆ ಇನ್ನೂ ಮಜಾ." ಮೈಕು ಅಡುಗೆಮನೆಯತ್ತ ತಿರುಗಿ ದನಿ ಏರಿಸಿದ. "ಕೇಳಿಸ್ತೇನಮ್ಮಾ? ನಾಳೆ ಪೆಟ್ಟಿಗೆ ಮುಚ್ಚಳ ತೆಗೀಬೇಕಾದವಳು ನೀನು. ತೆಗೀಲಿಲ್ಲ ಅಂದ್ರೆ ಸೋಮವಾರದಿಂದ ಬರೋದು ಬೇಡ."

ಡಬ್ಬವನ್ನು ನೆಲಕ್ಕೆ ಕುಕ್ಕಿ ಅವನು ಹೊರಟ. ಮೆಟ್ಟಿಲಿಳಿಯುವಾಗ ಮಿಡತಮ್ಮನಿಗೆ ಬಾಯಿ ತಡೆಯಲಾಗಲಿಲ್ಲ. "ಊಟ ಮಾಡ್ಕೊಂಡು ಹೋಗೋ!" ಎಂದು ಕೂಗಿಬಿಟ್ಟಳು. ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಸೊಸೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳು ಮೊದಲು ಬಟ್ಟೆಯಂಗಡಿಯಲ್ಲಿದ್ದಳು, ಇಡೀ ದಿನ ನಿಂತು ನಗಬೇಕಿತ್ತು. ಚೇಳುಗಳ ಮುಂದೆ ನಗಬೇಕಾಗಿಲ್ಲ, ಅದಕ್ಕೇ ಈ ಕೆಲಸ ಅವಳ ಜೀವ. ಅದು ಮಿಡತಮ್ಮನಿಗೆ ಗೊತ್ತು.

"ನೀವು ಸುಮ್ಮನಿರಿ ಅತ್ತೆ. ನಾನೇ ಮಾವನ ಹತ್ತಿರ ಮಾತಾಡ್ತೀನಿ."

"ನೀನು ಮಾತಾಡು. ನಾನು ಸುಮ್ಮನಿರಲ್ಲ."

ಭಾನುವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಟರು. ಗೋದಾಮಿನೊಳಗೆ ಇನ್ನೂ ಹಿಟ್ಟಿನ ವಾಸನೆ. ಸೊಸೆ ನೇರವಾಗಿ ಕೊನೆಯ ಸಾಲಿಗೆ ಹೋಗಿ, ಇದ್ದಿಲಿನ ಪೆಟ್ಟಿಗೆಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿದಳು. ಒದ್ದೆ ಮಣ್ಣಿನ ಮೇಲೆ, ತೊಗಟೆಯ ಪಕ್ಕದಲ್ಲಿ, ಇದ್ದಿಲು ಕಾಲು ಚಾಚಿಕೊಂಡು ಬಿದ್ದಿತ್ತು. ತಲೆಯ ಮುಂದಿನ ಅಂಚು ಕೂದಲೆಳೆಯಷ್ಟು ಬಿರಿದು, ಒಳಗಿನಿಂದ ಬಿಳಿ ಮೈ ಕಾಣುತ್ತಿತ್ತು.

"ಶುರುವಾಗಿದೆ," ಎಂದಳು ಸೊಸೆ.

ಮೈಕು ತಂತಿಯ ಬೋನು ಹಿಡಿದು ಬಂದ. ಒಳಗೆ ಒಂದು ಬಡಕಲು ಇಲಿ ತಿರುಗುತ್ತಿತ್ತು. ಸೊಸೆ ಅವನಿಗೆ ಅಡ್ಡ ನಿಂತಳು.

"ಮಾವ, ಇವತ್ತು ಬೇಡ. ಪೊರೆ ಬಿಡ್ತಿದೆ. ಈಗ ಇರುವೆ ಬಿದ್ದರೂ ಅದು ಉಳಿಯಲ್ಲ, ಇಲಿ ಅಂದ್ರೆ ಕೇಳಬೇಕಾ? ಬೇಕಾದ್ರೆ ಜೇಡಕ್ಕೆ ಹಾಕಿ ತೋರಿಸೋಣ. ಹಳದಿ ಚೇಳು ತಿಂದು ದಿನ ಆಗಿದೆ, ಅದಕ್ಕೊಂದು ಮಿಡತೆ ಬಿಡೋಣ."

"ಚೀಟಿಯಲ್ಲಿ ಯಾರ ಚಿತ್ರ ಇದೆ? ಹಳದಿದಾ?" ಮೈಕು ತಲೆ ಕೊಡವಿದ. "ಬಂದ ಜನಕ್ಕೆ ಕರಿ ಚೇಳಿಗೆ ಇವತ್ತು ಹಸಿವಿಲ್ಲ ಅಂತ ಹೇಳೋಕಾಗುತ್ತೇನಮ್ಮಾ? ಮುಖಕ್ಕೆ ಉಗೀತಾರೆ."

ಕೆಟ್ಟವನೇನೂ ಅಲ್ಲ ಅವನು. ಜನ ಚಪ್ಪಾಳೆ ತಟ್ಟಿದರೆ ಅವನಿಗೆ ಎರಡು ಊಟ ಮಾಡಿದಷ್ಟು ಸಂತೋಷ. ಚಪ್ಪಾಳೆ ಇಲ್ಲದ ಭಾನುವಾರವನ್ನು ನೆನೆಸಿಕೊಂಡರೇ ಹೆದರುತ್ತಿದ್ದ. ಹೆದರಿದವನು ಯಾರ ಮಾತು ಕೇಳುತ್ತಾನೆ?

ಜನ ಬಂದರು. ಗೋದಾಮು ತುಂಬಿತು. ಹೆಗಲ ಮೇಲೆ ಮಕ್ಕಳು, ಕೈಯಲ್ಲಿ ಫೋನು. ಮೈಕು ಶುರು ಹಚ್ಚಿಕೊಂಡ. "ಬನ್ನಿ ಬನ್ನಿ, ಎದೆ ಗಟ್ಟಿ ಇದ್ದವರು ಮುಂದೆ ಬನ್ನಿ! ತಿಂಗಳಿಂದ ಹಸಿದಿರೋ ಕರಿ ರಾಕ್ಷಸಿ! ಒಂದೇ ಏಟಿಗೆ ಇಲಿಯನ್ನ ಮಲಗಿಸೋ ಮಹಾಮಾರಿ!" ಜೇಡಗಳನ್ನು, ಜರಿಹುಳಗಳನ್ನು ದಾಟಿಸಿ ಜನರನ್ನು ಕೊನೆಯ ಸಾಲಿಗೆ ಎಳೆದು ತಂದ. ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ಒಂದೇ ಸಲಕ್ಕೆ ಸೆಳೆದ. ಮೇಲೆ ದೊಡ್ಡ ಬಲ್ಬು ಹೊತ್ತಿಸಿದ.

"ಮುಚ್ಚಳ ತೆಗಿಯಮ್ಮ."

"ತೆಗೆಯಲ್ಲ ಮಾವ," ಎಂದಳು ಸೊಸೆ. ಕೈ ಹಿಂದೆ ಕಟ್ಟಿಕೊಂಡಳು.

ಮುಂದಿನವರು ನಕ್ಕರು. ಮೈಕುವಿನ ಕಿವಿ ಕೆಂಪಾಯಿತು. ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾನೇ ಮುಚ್ಚಳ ಸರಿಸಿದ, ಬೋನು ಎತ್ತಿ ಅದರ ಬಾಗಿಲಿಗೆ ಬೆರಳು ಹಾಕಿದ.

ಆ ಗಳಿಗೆಯಲ್ಲಿ ಮಿಡತಮ್ಮನಿಗೆ ಯಾವ ಯೋಚನೆಯೂ ಬರಲಿಲ್ಲ. ಹೊದ್ದಿದ್ದ ಶಾಲು ಸರಿಸಿ, ಬಲಗೈಯನ್ನು ಮೊಣಕೈವರೆಗೂ ಪೆಟ್ಟಿಗೆಯೊಳಗೆ ಇಳಿಬಿಟ್ಟಳು. ಇದ್ದಿಲಿನ ಮೇಲೆ, ಒಂದು ಬೆರಳಿನಷ್ಟು ಜಾಗ ಬಿಟ್ಟು, ಅಂಗೈಯನ್ನು ಮಾಡಿನ ಹಾಗೆ ಹಿಡಿದಳು.

ಇಡೀ ಗೋದಾಮು ಹಾ ಎಂದಿತು.

"ಅಕ್ಕಾ! ಕೈ ತೆಗಿ! ಕುಟುಕುತ್ತೆ!"

"ಕುಟುಕಲಿ."

ಕಂಕುಳಲ್ಲಿದ್ದ ಮೈಕು ಇಬ್ಬರ ಮಾತನ್ನೂ ಎತ್ತಿಕೊಂಡು ಗೋದಾಮಿನ ಮೂಲೆಮೂಲೆಗೂ ಮುಟ್ಟಿಸಿತು.

"ತಲೆ ಕೆಟ್ಟಿದೆಯಾ ನಿನಗೆ? ತೆಗಿ ಅಂದೆ!"

"ನೀನು ಇಲಿ ಹಾಕು. ನನ್ನ ಕೈ ಮೇಲೆ ಹಾಕು. ನನ್ನ ಕೈ ತಿಂದು ಮುಗಿಸಿದ ಮೇಲೆ ಅದರ ಸರದಿ. ಚಿಕ್ಕವನಿದ್ದಾಗ ಈ ಕೈಯಿಂದ ಎಷ್ಟು ತಿಂದಿದೀಯ, ಒಂದು ಇಲಿಯೂ ತಿನ್ನಲಿ ಬಿಡು."

"ಟಿಕೆಟ್ ತಗೊಂಡಿರೋದು ಇದನ್ನ ನೋಡೋಕಾ?" ಎಂದು ಹಿಂದಿನಿಂದ ಯಾರೋ ಕೂಗಿದ. "ಅಜ್ಜೀ, ಕೈ ತೆಗೀರಿ, ಆಟ ನೋಡೋಣ!" ಎಂದ ಇನ್ನೊಬ್ಬ. ಮಿಡತಮ್ಮ ತಿರುಗಿಯೂ ನೋಡಲಿಲ್ಲ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಈ ಹೊತ್ತಿನಲ್ಲಿ ಚೇಳಿಗೆ ಕುಟುಕುವ ಶಕ್ತಿ ಇಲ್ಲವೆಂದು ಸೊಸೆ ಹೇಳಿದ್ದು ನೆನಪಿತ್ತು. ಆದರೆ ನೆನಪು ತಲೆಯಲ್ಲಿತ್ತು, ಚೇಳು ಇದ್ದದ್ದು ಅಂಗೈಯ ಕೆಳಗೆ. ಆದರೂ ಕೈ ಅಲ್ಲೇ ಇತ್ತು. ಒಂದು ಚೇಳು ತನ್ನ ಕೈಯಿಂದ ಸತ್ತಿದೆ, ಎರಡನೆಯದು ಸಾಯುವುದಿಲ್ಲ, ಅಷ್ಟೇ ಅವಳ ತಲೆಯಲ್ಲಿ ಓಡುತ್ತಿದ್ದದ್ದು.

ಮೈಕು ಬೋನು ಹಿಡಿದ ಕೈಯನ್ನು ಒಮ್ಮೆ ಎತ್ತಿದ, ಒಮ್ಮೆ ಇಳಿಸಿದ. ಅಕ್ಕನ ಕೈ ಮೇಲೆ ಇಲಿ ಬಿಡಲು ಅವನಿಂದಾಗುತ್ತದೆಯೇ? ಸೊಸೆ ಮುಂದೆ ಬಂದು ಅವನ ಕಂಕುಳಿನಿಂದ ಮೈಕನ್ನು ಎಳೆದುಕೊಂಡಳು. ಆ ಮನೆಗೆ ಬಂದಂದಿನಿಂದ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಇದಕ್ಕೆ ಹಸಿವಿಲ್ಲ," ಎಂದಳು. "ಇವತ್ತು ಇದು ತಿನ್ನಲ್ಲ. ನಾಳೆಯೂ ತಿನ್ನಲ್ಲ. ಮೈ ಗಟ್ಟಿಯಾದ ಮೇಲೆ, ತಾನಾಗಿ ಹೊರಗೆ ಬಂದು ಇಕ್ಕಳ ಚಾಚಿದಾಗ ಕೊಡ್ತೀನಿ. ಅಲ್ಲೀವರೆಗೆ ಯಾರು ಹೇಳಿದ್ರೂ ಕೊಡಲ್ಲ. ನೋಡೋದಿದ್ರೆ ಸದ್ದು ಮಾಡದೆ ನೋಡಿ. ಇಲ್ಲದಿದ್ರೆ ಹೊರಡಿ."

ಹೆಚ್ಚಿನವರು ಹೊರಟರು. ಬೈದುಕೊಂಡೇ ಹೊರಟರು. ಒಂದಿಬ್ಬರು ನಿಂತು ನೋಡಿದರು, ಏನೂ ಆಗದಿರುವುದನ್ನು ಕಂಡು ಅವರೂ ಹೋದರು. ಚೇಳು ಪೊರೆ ಬಿಡುವುದು ಗಂಟೆಗಟ್ಟಲೆಯ ಕೆಲಸ, ಚಪ್ಪಾಳೆಗೆ ಕಾಯುವಂಥದ್ದಲ್ಲ. ಬಾಗಿಲಲ್ಲಿ ಟಿಕೆಟ್ ಹಿಡಿದವರ ಗಲಾಟೆ ಕರಗುವಷ್ಟರಲ್ಲಿ ಮೈಕುವಿನ ಗಂಟಲು ಬಿದ್ದುಹೋಗಿತ್ತು.

ಅವನು ಒಳಗೆ ಬಂದಾಗ ಮಿಡತಮ್ಮನ ಕೈ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಭುಜ ಸೆಳೆದು ಮರಗಟ್ಟಿತ್ತು.

"ಮುಗೀತಾ ನಿಮ್ಮ ನಾಟಕ? ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಿದ್ರಿ, ಅತ್ತೆ ಸೊಸೆ ಸೇರಿಕೊಂಡು. ಹೊರಡಿ. ಇಬ್ಬರೂ ಹೊರಡಿ. ಆ ಹುಳಾನೂ ಎತ್ಕೊಂಡು ಹೊರಡಿ. ನಾಳೆಯಿಂದ ಈ ಕಡೆ ತಲೆ ಹಾಕಬೇಡಿ."

ಸೊಸೆಯ ಮುಖ ಬಿಳಿಚಿತು. ಮಿಡತಮ್ಮ ಅದನ್ನು ನೋಡಿದಳು.

"ಹೊರಡ್ತೀವಿ," ಎಂದಳು ಮಿಡತಮ್ಮ. "ಅದರ ಮೈ ಗಟ್ಟಿಯಾದ ಮೇಲೆ ಹೊರಡ್ತೀವಿ. ಈಗ ಪೆಟ್ಟಿಗೆ ಅಲ್ಲಾಡಿಸಿದ್ರೆ ಸಾಯುತ್ತೆ."

"ಇದು ನನ್ನ ಜಾಗ!"

"ಯಾರು ಅಲ್ಲ ಅಂದ್ರು? ಜಾಗ ನಿಂದು, ಬೋರ್ಡು ನಿಂದು, ಬೀಗ ನಿಂದು. ಬೇಕಾದ್ರೆ ಬೀಗ ಹಾಕ್ಕೋ. ನಾವು ಒಳಗೇ ಇರ್ತೀವಿ."

"ಹಾಕ್ತೀನಿ! ಹಾಕಲ್ಲ ಅಂದ್ಕೊಂಡ್ಯಾ? ಕತ್ತಲೆಯಲ್ಲಿ ನಿಮ್ಮ ಚೇಳಿನ ಜೊತೆ ಬಿದ್ದಿರಿ!"

ಬೋನನ್ನು ನೆಲಕ್ಕೆ ಎಸೆದ ಹಾಗೆ ಇಟ್ಟು, ದಾಪುಗಾಲು ಹಾಕಿಕೊಂಡು ಹೋಗಿ ಅವನು ದೊಡ್ಡ ಸ್ವಿಚ್ಚು ಆರಿಸಿದ. ಬಲ್ಬುಗಳೆಲ್ಲ ಒಟ್ಟಿಗೇ ಹೋದವು. ಆಮೇಲೆ ಕಬ್ಬಿಣದ ಷಟರು ದಡದಡ ಇಳಿಯಿತು, ಬೀಗ ಬಿತ್ತು. ಹೊರಗೆ ಇನ್ನೂ ನಡುಹಗಲು, ಒಳಗೆ ಷಟರಿನ ಸಂದಿಯ ಬೆಳಕಿನ ಗೆರೆಯೊಂದನ್ನು ಬಿಟ್ಟರೆ ಎಲ್ಲ ಕತ್ತಲು.

ಕತ್ತಲಲ್ಲಿ ಸೊಸೆ ಕಿಸಕ್ಕನೆ ನಕ್ಕಳು.

"ಯಾಕೇ?"

"ಅತ್ತೆ, ಇದಕ್ಕೆ ಬೇಕಾಗಿದ್ದೇ ಇದು. ಕತ್ತಲು, ಸದ್ದಿಲ್ಲದಿರೋದು. ವಾರದಿಂದ ಕೇಳ್ತಿದ್ದೆ, ಆ ಬಲ್ಬು ಆರಿಸಿ ಮಾವ ಅಂತ."

ಮಿಡತಮ್ಮನೂ ನಕ್ಕಳು. ಷಟರಿಗೆ ಕೇಳದ ಹಾಗೆ, ಶಾಲು ಬಾಯಿಗೆ ಒತ್ತಿಕೊಂಡು, ಹೊಟ್ಟೆ ನೋಯುವಷ್ಟು ನಕ್ಕಳು. ಮರಗಟ್ಟಿದ ಕೈಯನ್ನು ಸೊಸೆ ಮೆಲ್ಲಗೆ ಹಿಡಿದು ಹೊರತೆಗೆದು, ಮುಚ್ಚಳ ಮುಚ್ಚಿ, ನೆಲದ ಮೇಲೆ ಅತ್ತೆಯ ಪಕ್ಕ ಕೂತು ಭುಜ ಉಜ್ಜಿದಳು. ಕಾಲ ಬಳಿ ಬೋನಿನಲ್ಲಿ ಇಲಿ ಪರಚುತ್ತಿತ್ತು. ಇಡೀ ಗೋದಾಮಿನಲ್ಲಿ ಹಸಿದಿದ್ದು ಅದೊಂದೇ. ಮಿಡತಮ್ಮ ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಕ್ಯಾರೆಟ್ ಚೂರನ್ನು ತಡಕಾಡಿ ತೆಗೆದು ತಂತಿಯೊಳಗೆ ತೂರಿಸಿದಳು. ಪರಚಾಟ ನಿಂತು ಕುರುಕುರು ಸದ್ದು ಶುರುವಾಯಿತು.

"ನಿನ್ನ ಕೆಲಸ ಹೋಯ್ತಲ್ಲೇ," ಎಂದಳು ಮಿಡತಮ್ಮ ಆಮೇಲೆ. "ನನ್ನಿಂದ."

"ಹೋದ್ರೆ ಹೋಗಲಿ. ನಿಮ್ಮ ಕೋಣೆಯಲ್ಲಿ ಮಿಡತೆ ತೊಟ್ಟಿ ಪಕ್ಕ ಇದ್ದಿಲಿಗೆ ಜಾಗ ಇದೆಯಾ ಹೇಳಿ."

"ಪಕ್ಕದಲ್ಲಿ ಬೇಡ. ದೂರ ಇಡೋಣ. ನನ್ನ ಮಿಡತೆಗಳನ್ನ ನಾನೇ ನಂಬಲ್ಲ ಈಗ."

ಷಟರಿನ ಸಂದಿಯಲ್ಲಿದ್ದ ಬೆಳಕಿನ ಗೆರೆ ಬಿಳಿಯಿಂದ ಹಳದಿಗೆ ತಿರುಗಿತು. ಕಾಯುವುದೆಂದರೆ ಮಿಡತಮ್ಮನಿಗೆ ಆಗದ ಕೆಲಸ. ಎದ್ದಳು, ಕೂತಳು, ನಿಟ್ಟುಸಿರುಬಿಟ್ಟಳು. ನೋಡೋಣವೇ ಎಂದು ಕೇಳಿದರೆ ಸೊಸೆ ಇನ್ನೂ ಬೇಡ ಅನ್ನುತ್ತಿದ್ದಳು. ಬದುಕಿದೆಯೋ ಸತ್ತಿದೆಯೋ ತಿಳಿಯದೆ ಕತ್ತಲಲ್ಲಿ ಕೂರುವುದು ಚೇಳಿನ ಮೇಲೆ ಕೈ ಹಿಡಿದದ್ದಕ್ಕಿಂತ ಕಷ್ಟವಾಗಿತ್ತು. ಕೊನೆಗೆ ಆ ಗೆರೆ ಕೆಂಪಗಾದಾಗ ಸೊಸೆ ತನ್ನ ಚೀಲದಿಂದ ನೇರಳೆ ಬೆಳಕಿನ ಪುಟ್ಟ ಟಾರ್ಚು ತೆಗೆದಳು. ಆ ಬೆಳಕಿನಲ್ಲಿ ಚೇಳಿನ ಮೈ ಹಸಿರಾಗಿ ಹೊಳೆಯುತ್ತದೆ, ತೊಗಟೆಯ ಕೆಳಗೆ ಅಡಗಿದ್ದರೂ ಸಿಕ್ಕಿಬೀಳುತ್ತದೆ. ಇಬ್ಬರೂ ಪೆಟ್ಟಿಗೆಯ ಮೇಲೆ ಬಗ್ಗಿದರು. ಸೊಸೆ ಒಂದೇ ಕ್ಷಣ ಒತ್ತಿದಳು.

ಮಣ್ಣಿನ ಮೇಲೆ ಇದ್ದಿಲು ಹಸಿರಾಗಿ ಹೊಳೆಯಿತು. ಇಕ್ಕಳ, ಕಾಲು, ಬಾಲ, ಎಲ್ಲವೂ ಇತ್ತು. ಆದರೆ ಅಲುಗಾಡಲಿಲ್ಲ. ಬೆನ್ನು ಕುಸಿದು ಚಪ್ಪಟೆಯಾಗಿತ್ತು.

ಮಿಡತಮ್ಮ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ಸತ್ತೋಯ್ತಲ್ಲೇ!"

ಸೊಸೆ ಟಾರ್ಚನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಿರುಗಿಸಿ ಇನ್ನೊಂದು ಸಲ ಒತ್ತಿದಳು. ಅಲ್ಲಿ ಏನೂ ಹೊಳೆಯಲಿಲ್ಲ. ಆದರೆ ಹೊಳೆಯದ ಆ ಜಾಗದಲ್ಲಿ ಮಸುಕಾದದ್ದೊಂದು, ಹೊಳೆಯುವುದಕ್ಕಿಂತ ದೊಡ್ಡದು, ನಿಧಾನವಾಗಿ ಒಂದು ಕಾಲನ್ನು ಚಾಚಿ ಮತ್ತೆ ಮಡಚಿಕೊಂಡಿತು.

"ಹೊಳೀತಿರೋದು ಹಳೇ ಪೊರೆ ಅತ್ತೆ," ಎಂದಳು ಸೊಸೆ. "ಹೊಸ ಮೈ ಗಟ್ಟಿಯಾಗೋವರೆಗೂ ಹೊಳೆಯಲ್ಲ. ಅದು ಪಕ್ಕದಲ್ಲಿದೆ. ಪೂರ್ತಿ ಹೊರಗೆ ಬಂದಿದೆ."

ಮಿಡತಮ್ಮ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡಳು. ಅಷ್ಟರಲ್ಲಿ ಷಟರಿನ ಮೇಲೆ ಯಾರೋ ಮೆಲ್ಲಗೆ ತಟ್ಟಿದರು. ತಟ್ಟಿದವನ ಕೈಯಲ್ಲಿ ಮೈಕಿರಲಿಲ್ಲ, ಗಂಟಲೂ ಆರಿತ್ತು.

"ಅಕ್ಕಾ." ದನಿ ತಗ್ಗಿತ್ತು. "ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲ ಇಬ್ಬರೂ. ಊಟ ಕಟ್ಟಿಸಿಕೊಂಡು ಬಂದಿದೀನಿ, ಬಿಸಿ ಇದೆ. ಷಟರು ಎತ್ತಲಾ?"

ಅನ್ನ ಬೇಡ ಎನ್ನುವುದು ಮಿಡತಮ್ಮನ ಬಾಯಲ್ಲಿ ಹುಟ್ಟಿನಿಂದ ಬಾರದ ಮಾತು. ಅವಳು ಪೆಟ್ಟಿಗೆಯ ಕಡೆ ತಿರುಗಿದಳು. ಅಲ್ಲಿ ಕತ್ತಲೊಂದೇ ಇತ್ತು, ಅದರೊಳಗೆ ಮೆತ್ತನೆಯ ಒಂದು ಮೈ ಯಾರ ಹಂಗೂ ಇಲ್ಲದೆ ಗಟ್ಟಿಯಾಗುತ್ತಿತ್ತು.

"ಎತ್ತಬೇಡ, ಬೆಳಕು ಬೀಳುತ್ತೆ," ಎಂದಳು. "ಊಟ ಅಲ್ಲೇ ಹಿಡ್ಕೊಂಡು ಕೂತಿರು. ಹಸಿವಾದಾಗ ನಾವೇ ಕೇಳ್ತೀವಿ."